ಮಾರ್ಥವ್ವನ ಬೆನ್ನಿಗೆ ವಾಲಿದ ಕಲ್ಲು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಕಲಬುರಗಿಯಲ್ಲಿ ಸಹಾಯಕ ಇಂಜಿನಿಯರ್. ಕಮಲಾಪುರದ ಆಚೆಗಿನ ಒಂದು ಹಳ್ಳಿಯಲ್ಲಿ ಚರ್ಚಿನ ಪಕ್ಕ ಚರಂಡಿ ಕೆಲಸ ಮಾಡಿಸುತ್ತಿದ್ದೆ. ಅಲ್ಲೊಂದು ಯುದ್ಧ ಸ್ಮಾರಕವಿತ್ತು: ಆಳೆತ್ತರದ ದಪ್ಪ ಶಹಾಬಾದ್ ಕಲ್ಲು, ಅದರ ಮೇಲೆ ಸೇನೆಯಲ್ಲಿ ಮಡಿದ ಊರಿನ ಮೂವರ ಹೆಸರು. ಕಲ್ಲು ಮುಟ್ಟಬೇಡಿ ಎಂದು ಊರವರು ಕೇಳಿಕೊಂಡಿದ್ದರು. ನಾನು ಮುಟ್ಟಲಿಲ್ಲ. ಅಗೆದ ಮಣ್ಣನ್ನು ಅದರ ಬೆನ್ನಿಗೆ ಸುರಿಸಿದೆ, ಅಷ್ಟೇ. ಬೇರೆ ಜಾಗ ಹುಡುಕುವ ಸೋಮಾರಿತನ.

ಶನಿವಾರ ಸಂಜೆ ಜೋರು ಮಳೆ. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬಿ ಭಾರವಾಗಿ ಎದುರಿಗಿದ್ದುದನ್ನು ತಳ್ಳುತ್ತದೆ. ಇದಕ್ಕೆ ಅರ್ತ್ ಪ್ರೆಷರ್ ಎನ್ನುತ್ತೇವೆ. ರವಿವಾರ ಬೆಳಿಗ್ಗೆ ಚಹಾ ಕುಡಿಯುವಾಗ ಕಲ್ಲಿನ ಬೆನ್ನಿಗೆ ಸುರಿಸಿದ ಮಣ್ಣು ನೆನಪಾಯಿತು. ಬೈಕ್ ಹತ್ತಿದೆ.

ಊರು ಮುಟ್ಟುವಷ್ಟರಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಮುಗಿದಿತ್ತು. ಕಲ್ಲು ಮುಂದಕ್ಕೆ ವಾಲಿತ್ತು. ಅದಕ್ಕೆ ಬೆನ್ನು ಕೊಟ್ಟು ಮಾರ್ಥವ್ವ ಎಂಬ ಮುದುಕಿ ಕುಳಿತಿದ್ದರು. ಮೂರನೆಯ ಹೆಸರು ಅವರ ಮಗನದು. ಪ್ರತಿ ರವಿವಾರ ಅವರು ಕೂರುವುದು ಅಲ್ಲೇ ಎಂದು ಊರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ಅವ್ವ, ಮೆಲ್ಲಕ ಈ ಕಡಿ ಸರೀರಿ" ಎಂದೆ.

"ಕಲ್ಲು ವಾಲ್ಯಾದಂತ ಗೊತ್ತದರಿ ಸಾಹೇಬ್ರ. ಅದಕ್ಕೇ ಬೆನ್ನ ಕೊಟ್ಟು ಕುಂತೀನಿ. ನಾ ಎದ್ರ ನನ್ ಮಗ ಬೀಳ್ತಾನ. ಮೊದಲ ಅವನಿಗಿ ಹಿಡೀರಿ."

ಪಾದ್ರಿಗಳು ಬೇಡಿಕೊಂಡರೂ ಕೇಳಲಿಲ್ಲ. ಎಳೆಯಲು ಹೋಗಿ ಅವರು ಕೊಸರಿಕೊಂಡರೆ ಕಲ್ಲು ಅವರ ಮೇಲೆಯೇ. ಗುತ್ತಿಗೆದಾರನನ್ನೂ ಆಳುಗಳನ್ನೂ ಕರೆಸಿ, ಅವ್ವನ ಎರಡೂ ಬದಿಗೆ ಮರದ ಕಂಬಗಳನ್ನು ಕಲ್ಲಿಗೆ ಓರೆಯಾಗಿ ಆನಿಸಿ, ಬುಡಕ್ಕೆ ಗೂಟ ಹೊಡೆಸಿದೆ. ಒಂದೊಂದು ಏಟಿಗೂ ಕಲ್ಲು ಅದುರುತ್ತಿತ್ತು. ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಹಿಂದಿನಿಂದ ಮಣ್ಣು ಸ್ವಲ್ಪ ಸ್ವಲ್ಪವಾಗಿ ತೆಗೆಸಿದೆ. ಅರ್ಧ ಗಂಟೆಯ ನಂತರ ಏಳಿ ಎಂದರೆ ಅವರ ಕಾಲು ಜೋಮು ಹಿಡಿದಿತ್ತು. ನಾನೇ ಎತ್ತಿ ಈಚೆ ತಂದೆ. ಕಲ್ಲು ಬೀಳದೆ ನಿಂತಿತು.

"ಈ ಮಣ್ಣ ಇಲ್ಲಿ ಹಾಕ್ಸಿದವ್ರು ಯಾರ್ರೀ?" ಎಂದು ಮಾರ್ಥವ್ವ ಕೇಳಿದರು.

ಗುತ್ತಿಗೆದಾರ ನನ್ನ ಮುಖ ನೋಡಿದ. ತಪ್ಪನ್ನು ಅವನ ತಲೆಗೆ ಕಟ್ಟಿದ್ದರೆ ನಡೆದುಹೋಗುತ್ತಿತ್ತು.

"ನಾನವ್ವ" ಎಂದೆ.

ಮಾರ್ಥವ್ವ ನನ್ನನ್ನೇ ನೋಡಿದರು. "ಹಂಗಾರ ಉಳದಿದ್ದು ನೀವ ತೆಗೀರಿ."

ಸಲಿಕೆ ಹಿಡಿದೆ. ಅವರು ಚರ್ಚಿನ ಮೆಟ್ಟಿಲ ಮೇಲೆ ಕುಳಿತು, ಕೊನೆಯ ಬುಟ್ಟಿ ಹೋಗುವ ತನಕ ನೋಡುತ್ತಿದ್ದರು. ಆಮೇಲೆ ಉಳಿದ ಎರಡು ವರ್ಷ, ಯಾವ ಸೈಟಿಗೆ ಹೋದರೂ ನಕ್ಷೆ ಬಿಚ್ಚುವ ಮೊದಲು ಊರವರನ್ನು ಕೇಳುತ್ತಿದ್ದೆ: ಇಲ್ಲಿ ಯಾರು ಕೂರುತ್ತಾರೆ?