ಕರಿ ಕೋಟು, ಬಚ್ಚಲ ಚಪ್ಪಲಿ

ತಾಂಬರಂ ಲೋಕಲ್ ರೈಲುಗಳಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿದ ಮಾಧವಿಯವರು ಟಿಕೆಟ್ಟನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರು ನೋಡುತ್ತಿದ್ದದ್ದು ಕಾಲನ್ನು. ಅಕ್ಕನ ಪಾಸು ಹಿಡಿದು ಬಂದ ತಂಗಿ ಮುಖದಲ್ಲಿ ಎಷ್ಟೇ ಧೈರ್ಯ ತಂದುಕೊಳ್ಳಲಿ, ಕಾಲ್ಬೆರಳುಗಳು ಮುದುಡಿಕೊಳ್ಳುತ್ತವೆ, ಪಾದ ತಾನಾಗಿ ಬಾಗಿಲ ಕಡೆ ತಿರುಗುತ್ತದೆ. ಈ ಲೆಕ್ಕಾಚಾರ ಅವರಿಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಅವರ ಕರಿ ಕೋಟು ಕಂಡರೆ ಈ ತುದಿಯವರು ಜೇಬು ತಡವಿಕೊಳ್ಳುತ್ತಿದ್ದರು.

ನಿವೃತ್ತಿಯಾಯಿತೆಂದು ಆ ಕಣ್ಣು ಸುಮ್ಮನಿದ್ದೀತೆ? ಅವರ ಫ್ಲಾಟುಗಳ ಹಿಂದೆ ರೈಲ್ವೆ ಜಾಗಕ್ಕೆ ಅಂಟಿದ ಗೋಡೆಯಿದೆ, ಅದರ ತುಂಬ ಈಶ್ವರಿ ಬಳ್ಳಿ. ಆ ವಿಷದ ಎಲೆ ತಿಂದು ಬೆಳೆಯುವುದು ಕ್ರಿಮ್ಸನ್ ರೋಸ್ ಎಂಬ ಚಿಟ್ಟೆ. ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಕೆಂಪು ಚುಕ್ಕೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಕಹಿ ತಾಳಲಾರದೆ ಉಗುಳಿ, ಮತ್ತೆ ಆ ವೇಷದ ತಂಟೆಗೆ ಹೋಗುವುದಿಲ್ಲ. ಅಂಥದೇ ಚಿಟ್ಟೆಯೊಂದು ಮಾಧವಿಯವರ ಕರಿಬೇವಿನ ಕುಂಡಕ್ಕೆ ಮೊಟ್ಟೆಯಿಡಲು ಬರುತ್ತಿತ್ತು. ಅವರು ಎರಡು ದಿನ ರೆಕ್ಕೆ ನೋಡಿದರು. ಮೂರನೆಯ ದಿನ ಕೆಳಗೆ ನೋಡಿದರು. ಅಸಲಿಯ ಹೊಟ್ಟೆ ಕೆಂಪು, ಇದರದು ಕಪ್ಪು. ಕಾಮನ್ ಮಾರ್ಮನ್ ಎಂಬ ಬೇರೆಯೇ ಜಾತಿಯ ಹೆಣ್ಣು, ಮೈಯಲ್ಲಿ ಒಂದು ತೊಟ್ಟು ವಿಷವಿಲ್ಲ, ಬರೀ ರೆಕ್ಕೆಯ ಬಲದ ಮೇಲೆ ಓಡಾಡುತ್ತಿದೆ. ಮಾಧವಿಯವರಿಗೆ ಸಿಟ್ಟು ಬರಬೇಕಿತ್ತು, ಆದರೆ ಅಪಾರ ಅಕ್ಕರೆ ಬಂತು.

ಫ್ಲಾಟಿನ ಸಂಘದ ಸೆಕ್ರೆಟರಿ ಪ್ರತಾಪ್ ಆ ಬಳ್ಳಿಯನ್ನು ಕಡಿಸಿ ಗೋಡೆಗೆ ಬಣ್ಣ ಹೊಡೆಸಲು ಹೊರಟಾಗ ಎಲ್ಲ ಶುರುವಾಯಿತು.

"ಮಾಮಿ, ಚಿಟ್ಟೆ ನಿಮ್ಮ ಕರಿಬೇವಲ್ಲೇ ಮೊಟ್ಟೆ ಇಡುತ್ತೆ. ಆ ಕಾಡುಬಳ್ಳಿ ಹೋದ್ರೆ ನಷ್ಟ ಏನು?"

"ಅದು ಡೂಪ್ಲಿಕೇಟ್ ಕಣಪ್ಪಾ. ಒರಿಜಿನಲ್ ಇದ್ರೆ ತಾನೆ ಡೂಪ್ಲಿಕೇಟ್‌ಗೆ ಮರ್ಯಾದೆ? ಬಳ್ಳಿ ಹೋದ್ರೆ ಒರಿಜಿನಲ್ಲೂ ಹೋಗುತ್ತೆ. ಅದರ ಕಹಿ ತಿಂದು ಬುದ್ಧಿ ಕಲೀದೆ ಇದ್ರೆ, ಹಕ್ಕಿಗಳು ಇದನ್ನ ಒಂದೇ ವಾರದಲ್ಲಿ ತಿಂದು ಮುಗಿಸ್ತವೆ."

ಪ್ರತಾಪ್ ನಕ್ಕ. ಭಾನುವಾರ ಸಂಜೆಯ ಸಭೆಯಲ್ಲಿ ಮಾತಾಡೋಣ ಎಂದ. ಕಡಿಯುವವರಿಗೆ ಮಾತ್ರ ಭಾನುವಾರ ಬೆಳಿಗ್ಗೆಯೇ ಬರಹೇಳಿದ್ದ.

ಗೋಡೆಯ ಬಳಿ ಕುಡುಗೋಲಿನ ಸದ್ದು ಕೇಳಿದಾಗ ಮಾಧವಿಯವರು ಸ್ನಾನ ಮುಗಿಸಿ ಸೀರೆ ಉಟ್ಟಿದ್ದರಷ್ಟೆ. ವಾದ ಮಾಡಲು ಪುರುಸೊತ್ತಿರಲಿಲ್ಲ. ಬೀರುವಿನಿಂದ ಕರಿ ಕೋಟು ಎಳೆದು ತೊಟ್ಟರು, ಬಿಲ್ಲೆ ಸಿಕ್ಕಿಸಿಕೊಂಡರು, ದಡದಡನೆ ಮೆಟ್ಟಿಲಿಳಿದರು.

"ಯಾರು ಕಡಿಯಕ್ಕೆ ಹೇಳಿದ್ದು? ಆರ್ಡರ್ ಎಲ್ಲಿ?"

ಕುಡುಗೋಲು ಹಿಡಿದಿದ್ದ ಸಾಕಮ್ಮ ಹೊಸೂರಿನ ಕಡೆಯ ಹೆಂಗಸು. ಬೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಬಿಲ್ಲೆ ನೋಡಿದಳು, ಕೋಟು ನೋಡಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು.

"ಕೋಟು ಜೋರಾಗೈತೆ ಮೇಡಂ. ಕಾಲಲ್ಲಿ ಬಚ್ಚಲ ಚಪ್ಪಲಿ ಐತಲ್ಲ."

ಮಾಧವಿಯವರೂ ತಲೆ ತಗ್ಗಿಸಿ ನೋಡಿಕೊಂಡರು. ನೀಲಿ ರಬ್ಬರ್ ಚಪ್ಪಲಿ, ಇನ್ನೂ ಒದ್ದೆ. ಬೆರಳುಗಳು ಮುದುಡಿಕೊಂಡಿದ್ದವು. ಎಷ್ಟೋ ಹುಡುಗಿಯರ ಕಾಲು ಒಮ್ಮೆಲೇ ನೆನಪಾಗಿ ಅವರಿಗೆ ನಾಚಿಕೆಯಾಯಿತು.

"ರಿಟೈರಾಗಿ ಮೂರು ವರ್ಷ ಆಯ್ತಮ್ಮ. ನನಗೆ ಯಾವ ಅಧಿಕಾರಾನೂ ಇಲ್ಲ. ಸಂಜೆ ತನಕ ಬಿಟ್ಟಿರು, ಸಾಕು. ಯಾಕೆ ಅಂತ ತೋರಿಸ್ತೀನಿ, ಬಾ."

ಬಳ್ಳಿಯ ಮೇಲೆ ಕೂತಿದ್ದ ಕೆಂಪು ಹೊಟ್ಟೆಯದನ್ನು ತೋರಿಸಿದರು. ಮೇಲೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಕರಿಬೇವಿಗೆ ಕಪ್ಪು ಹೊಟ್ಟೆಯದು ಬರುವ ತನಕ ಇಬ್ಬರೂ ಕಾದು ಕೂತರು. ಅದು ಬಂತು. ಸಾಕಮ್ಮ ಬಗ್ಗಿ ಅದರ ಹೊಟ್ಟೆ ನೋಡಿದಳು, ಮಾಧವಿಯವರ ಚಪ್ಪಲಿ ನೋಡಿದಳು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಸೆಕ್ರೆಟರಿ ಕೇಳಿದ್ರೆ, ರೈಲ್ವೆ ಕರಿ ಕೋಟಿನೋರು ಬಂದು ಬ್ಯಾಡ ಅಂದ್ರು ಅಂತೀನಿ," ಎಂದು ಲೋಟ ಕೆಳಗಿಟ್ಟಳು. "ಚಪ್ಪಲಿ ಇಸ್ಯ ಯೋಳಕ್ಕಿಲ್ಲ."

ಸಂಜೆಯ ಸಭೆಗೆ ಮಾಧವಿಯವರು ಮೂರು ಪುಟ ಬರೆದುಕೊಂಡು ಹೋಗಿದ್ದರು. ಅದನ್ನು ಬಿಚ್ಚುವ ಮೊದಲೇ ಪ್ರತಾಪ್ ಎದ್ದು ನಿಂತ. ಮುಖ ಸಪ್ಪಗಿತ್ತು.

"ಬೆಳಿಗ್ಗೆ ರೈಲ್ವೆ ಆಫೀಸರ್ ಯಾರೋ ಬಂದು ತಡೆದ್ರಂತೆ. ಗೋಡೆ ಅವರ ಜಾಗಕ್ಕೆ ಅಂಟಿಕೊಂಡಿದೆ, ನಮಗ್ಯಾಕೆ ಬೇಕು ತಕರಾರು? ಆ ಬಳ್ಳೀನ ಇನ್ನು ಯಾರೂ ಮುಟ್ಟೋದು ಬೇಡ."

ಎಲ್ಲರೂ ಆಗಲಿ ಎಂದು ಕೈಯೆತ್ತಿದರು. ಮಾಧವಿಯವರೂ ಎತ್ತಿದರು, ಮತ್ತು ಬೆಳಿಗ್ಗೆಯಿಂದ ಬದಲಿಸಲು ಮರೆತಿದ್ದ ನೀಲಿ ಚಪ್ಪಲಿಯ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.