ಶಹಾಬಾದಿನ ಕಂಪ್ಯೂಟರು ನನ್ನನ್ನು ಒಳಗೆ ಬಿಡದ ದಿನ

ಶಹಾಬಾದಿಗೆ ಬಂದ ಮೊದಲ ಸಂಜೆ ಬಾಡಿಗೆ ಮನೆಯ ಗೋಡೆಗೆ ಕೈಯೂರಿದವಳು ಕಾದ ಹೆಂಚು ಮುಟ್ಟಿದವಳಂತೆ ಹಿಂದೆಗೆದೆ. ಹೊತ್ತು ಮುಳುಗಿ ಆಗಿತ್ತು. ಗೋಡೆ ಮಾತ್ರ ಇನ್ನೂ ಮಧ್ಯಾಹ್ನದಲ್ಲೇ ಇತ್ತು. ಮನೆಯೊಡತಿ ರಜಿಯಾಬೀ ನಕ್ಕರು.

"ಕಲ್ಲು ಅದ ರೀ ಅಕ್ಕಾ, ಹಗಲೆಲ್ಲಾ ಬಿಸಲು ಕುಡದದ. ರಾತ್ರಿ ಮ್ಯಾಲ ನೀರು ಹೊಡೀರಿ, ತಂಪ ಆಗ್ತದ. ಮೊದಲ ಕುಂದ್ರಿ."

ಕುಂದ್ರಿ ಎಂದರೆ ಕುಳಿತುಕೊಳ್ಳಿ. ನನಗದು ಗದರಿಸಿದಂತೆ ಕೇಳಿಸಿ ನಿಂತೇ ಇದ್ದೆ. ಕನ್ನಡನಾಡಿನೊಳಗೇ ಬಂದಿದ್ದೇನೆ, ಮಾತಿನ ಚಿಂತೆಯಿಲ್ಲ ಎಂದುಕೊಂಡಿದ್ದವಳು ನಾನು.

ಯಜಮಾನರಿಗೆ ವಾಡಿ ಜಂಕ್ಷನ್ನಿಗೆ ವರ್ಗವಾಯಿತು. ಅಲ್ಲಿ ನಮಗೆ ಒಗ್ಗುವ ಮನೆ ಸಿಗದೆ ಶಹಾಬಾದಿಗೆ ಬಂದೆವು. ನಮ್ಮ ಚನ್ನರಾಯಪಟ್ಟಣದ ಕಡೆ ಚಪ್ಪಡಿ ಹಾಸುವುದು ಜಗಲಿಗೆ. ಇಲ್ಲಿ ಗೋಡೆ, ಮಾಡು, ಅಂಗಳ, ಬೇಲಿ ಎಲ್ಲವೂ ಚಪ್ಪಡಿಯೇ. ಅದಕ್ಕೆ ಫರ್ಸಿ ಎನ್ನುತ್ತಾರೆ. ಅಂಗಡಿಯಲ್ಲಿ ರಾಗಿಹಿಟ್ಟು ಕೇಳಿದರೆ, "ಮನ್ಯಾಗ ಯಾರಿಗರ ಶುಗರ್ ಅದ ಏನ್ರಿ?" ಎಂದು ಕನಿಕರದಿಂದ ವಿಚಾರಿಸಿದರು. ಮುದ್ದೆಯ ಜಾಗಕ್ಕೆ ಜೋಳದ ರೊಟ್ಟಿ ಬಂತು. ನನ್ನ ರೊಟ್ಟಿ ಇವತ್ತಿಗೂ ಒಂದು ಕಡೆ ದಪ್ಪ, ಒಂದು ಕಡೆ ತೂತು. ಯಜಮಾನರು ಮಾತಾಡದೆ ತಿನ್ನುತ್ತಾರೆ, ಅದೊಂದು ಪುಣ್ಯ.

ನಮ್ಮ ರಂಗನಾಥಸ್ವಾಮಿಯ ಪಟ ಎಲ್ಲಿಡಲಿ ಎಂದು ಸುತ್ತ ನೋಡುತ್ತಿದ್ದಾಗ ರಜಿಯಾಬೀ ಮೂಡಣ ಗೋಡೆಯ ಗೂಡನ್ನು ತಾವೇ ಸೆರಗಿನಲ್ಲಿ ಒರೆಸಿಕೊಟ್ಟರು. ದೇವರು ಅಂದೇ ನೆಲೆಯಾದ. ನನಗೆ ಬಹಳ ಕಾಲ ಹಿಡಿಯಿತು. ಯಜಮಾನರು ಡ್ಯೂಟಿಗೆ ಹೋದ ಮೇಲೆ ಗೋಡೆಗೂ ನನಗೂ ಮೌನ. ದಿನಾ ಮಧ್ಯಾಹ್ನ ಊರಿಗೆ ಫೋನು ಮಾಡುತ್ತಿದ್ದೆ. ಅಮ್ಮ ಹೇಳುವುದು ಅದೇ ಸುದ್ದಿ, ಹಸು ಕರು ಹಾಕಿತು, ಪಕ್ಕದವರು ಜಗಳವಾಡಿದರು, ಕೊನೆಗೆ ಊರಿಗೆ ಯಾವಾಗ ಬರುತ್ತೀಯೆ ಎಂಬ ಪ್ರಶ್ನೆ. ನನಗೆ ಬೇಕಿದ್ದುದು ಸುದ್ದಿಯಲ್ಲ, ಆ ಮಾತಿನ ಸದ್ದು. ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಯಿಂದ ತೆಗೆಯುತ್ತಿರಲಿಲ್ಲ.

ನನ್ನ ಈ ಸ್ಥಿತಿ ನೋಡಿ ರಜಿಯಾಬೀ ತಾವು ಹೊಲಿಗೆಗೆ ಹೋಗುವ ಮಹಿಳಾ ಸಂಘಕ್ಕೆ ಕರೆದೊಯ್ದರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಸಂಘ. ಮದುವೆಗೆ ಮುಂಚೆ ಟೈಪಿಂಗ್ ಕಲಿತಿದ್ದೆ ಎಂದದ್ದೇ ಸಾಕಾಯಿತು, ಆಫೀಸಿನ ಮಾದೇವಿ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡೇ ಸ್ವಿಚ್ಚು ಒತ್ತುವ ಹೆಣ್ಣು ಅವಳು. ಅದು ಸೇಡಂನ ದೊಡ್ಡ ಆಫೀಸಿಗೆ ಸೇರಿಸಿದ ಕಂಪ್ಯೂಟರು. ಹೆಸರು, ಪಾಸ್‌ವರ್ಡ್ ಹೊಡೆದರೆ ಅಲ್ಲಿ ಒಪ್ಪಿಗೆಯಾಗಬೇಕು, ಆಮೇಲೆ ಇಲ್ಲಿ ತೆರೆಯಬೇಕು.

ಒಂದು ದಿನ ಮಾದೇವಿಯ ಅತ್ತೆಗೆ ಕಾಯಿಲೆ ಜೋರಾಗಿ, ಅವಳು ಅವರನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟಳು. ಅದೇ ದಿನ ಹೊಸ ಸಮವಸ್ತ್ರದ ಆರ್ಡರು ಬಂದಿತ್ತು. ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಕೊಳ್ಳದಿದ್ದರೆ ಬೇರೆ ಸಂಘಕ್ಕೆ ಹೋಗುತ್ತಿತ್ತು. ಹೋದರೆ ಮಳೆಗಾಲ ಮುಗಿಯುವವರೆಗೆ ನಮ್ಮ ಹೆಂಗಸರಿಗೆ ಹೊಲಿಗೆಯಿಲ್ಲ. ಮಾದೇವಿ ಬಸ್ಸಿನಿಂದ ಫೋನು ಮಾಡಿದಳು. ಗಾಡಿಯ ಸದ್ದಿನ ನಡುವೆ ಕೂಗಿ ಹೇಳಿದಳು.

"ನನ್ನ ಹೆಸರಲೇ ಒಳಗ ಹೋಗ್ರಿ ಅಕ್ಕಾ. ಪಾಸ್‌ವರ್ಡ್ ನಮ್ಮ ಮನಿ. ಇಂಗ್ಲಿಷಿನಾಗ, ಸಣ್ಣ ಅಕ್ಷರ, ಕೂಡಿಸಿ ಬರೀರಿ. ಯಾರ ಮುಂದೂ ಅನಬ್ಯಾಡ್ರಿ ಮತ್ತ."

ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ. ಮೂರನೆಯ ಸಲಕ್ಕೆ ಬೀಗ ಹಾಕಿಕೊಂಡಿತು. ಮಾದೇವಿಯ ಫೋನು ಸಿಗಲಿಲ್ಲ. ಸೇಡಂ ಆಫೀಸಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವ ವೀರೇಶ ಅವರಿಗೆ ಫೋನು ಹಚ್ಚಿದೆ.

"ಹಿಂದಿನ ವಾಯರ್ ನೋಡ್ರಿ ಅಕ್ಕಾರ, ಹಸರು ಲೈಟ್ ಹತ್ಯದೇನು?"

"ಹತ್ತಿದೆ."

"ಕ್ಯಾಪ್ಸ್ ಲಾಕ್?"

"ಇಲ್ಲ."

"ಮ್ಯಾಲ ಮಾದೇವಿ ಅವ್ರ ಹೆಸರೇ ಅದ ಏನು? ಬ್ಯಾರೆಯವ್ರು ಕುಂತು ಹೋಗಿದ್ರ ಅವ್ರ ಹೆಸರು ಉಳದಿರ್ತದ."

"ಅವರದೇ ಇದೆ."

"ಹಂಗಾರ ಪಾಸ್‌ವರ್ಡೇ ತಪ್ಪು ಹೊಡ್ಯಾಕತ್ತೀರಿ."

"ಅವರು ಹೇಳಿದ್ದನ್ನೇ ಹೊಡೆದೆ. ಹೇಳಲೇ?"

"ಬ್ಯಾಡ್ರಿ, ನಾನೂ ಕೇಳೂ ಹಂಗಿಲ್ಲ. ಬದಲು ಮಾಡಬೇಕಂದ್ರ ಅವ್ರ ಮೊಬೈಲಿಗಿ ನಂಬರ್ ಬರ್ತದ, ಅವ್ರೇ ಹೇಳಬೇಕು. ಬೀಗ ಅಷ್ಟೇ ತೆಗೀತೀನಿ. ಇನ್ನ ಮೂರು ಸಲ ಅದ, ಸಾವಕಾಶ ಹೊಡೀರಿ."

ಎರಡು ಸಲ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ತೆರೆಯ ಮೇಲೆ ಕಾಣುವುದು ಚುಕ್ಕೆಗಳು ಮಾತ್ರ, ನನ್ನ ತಪ್ಪು ನನಗೇ ಕಾಣದು. ಎರಡೂ ಸಲ ಒಪ್ಪಲಿಲ್ಲ. ಉಳಿದದ್ದು ಒಂದು. ಗಡಿಯಾರ ಐದರ ಹತ್ತಿರ ಸರಿಯುತ್ತಿತ್ತು. ಆಚೆ ಕೋಣೆಯಲ್ಲಿ ಹೊಲಿಗೆ ಮಷೀನುಗಳ ಸದ್ದು ನಿಂತಿತ್ತು. ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು.

"ಮಷೀನಿಗೂ ಮೈಸೂರು ಮಾತು ತಿಳಿವಲ್ದು ಏನೋ," ಎಂದರು ರಜಿಯಾಬೀ. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ರಂಗನಾಥನನ್ನು ನೆನೆದು ಕಣ್ಣು ಮುಚ್ಚಿದೆ. ಫೋನು ಬಂತು. ಅಮ್ಮ.

"ಯಾಕೆ ಲಲ್ತ, ಇವತ್ತು ಫೋನೇ ಮಾಡ್ಲಿಲ್ಲ? ಊಟ ಆಯ್ತಾ?"

"ಇಲ್ಲಮ್ಮ, ಭಾಳ ಕೆಲಸ ಅದ. ಮನಿಗಿ ಹೋಗಿ ಮಾಡ್ತೀನಿ."

ಅಮ್ಮ ಅನುಮಾನದಿಂದ ಕೇಳಿದಳು.

"ಯಾರು ಮಾತಾಡ್ತಿರೋದು?"

"ನಾನೇ ಅಮ್ಮ."

"ಮನಿ ಅಂದ್ಯಲ್ಲ. ಬೇರೆ ಯಾರೋ ಫೋನ್ ಎತ್ತಿದ್ರೇನೋ ಅಂತ."

ಆಮೇಲೆ ಮಾಡುತ್ತೇನೆಂದು ಫೋನು ಇಟ್ಟೆ. ಮಾದೇವಿ ಹೇಳಿದ್ದು ಮನಿ. ನನ್ನ ಕಿವಿ ಅದನ್ನು ಮನಿ ಎಂದೇ ಕೇಳಿತ್ತು, ಬೆರಳು ಮಾತ್ರ ಪ್ರತಿ ಸಲವೂ ನಮ್ಮೂರಿನ ಮನೆಯನ್ನೇ ಬರೆದಿತ್ತು. ಕೊನೆಯಲ್ಲಿ ಇಂಗ್ಲಿಷಿನ ಇ ಅಕ್ಷರದ ಬದಲು ಐ ಒತ್ತಿದೆ. ಚುಕ್ಕೆಗಳು ಅಷ್ಟೇ ಇದ್ದವು. ಬಾಗಿಲು ತೆರೆಯಿತು.

ಆರ್ಡರು ಒಪ್ಪಿಕೊಂಡದ್ದಕ್ಕೆ ತೆರೆಯ ಮೇಲೆ ಹಸಿರು ಗುರುತು ಬಂದಾಗ ಐದಕ್ಕೆ ಸ್ವಲ್ಪವೇ ಬಾಕಿಯಿತ್ತು. ಕರೆಂಟು ಹೋಗದೆ ಉಳಿದದ್ದೂ ರಂಗನಾಥನ ದಯೆಯೇ.

"ಏನಿತ್ತು ರೀ ತಪ್ಪು?" ರಜಿಯಾಬೀ ಕೇಳಿದರು.

"ಒಂದು ಅಕ್ಷರ."

"ಒಂದು ಅಕ್ಷರಕ್ಕ ಇಷ್ಟು ಜೀವಾ ತಿಂತೇನು ಈ ಡಬ್ಬಿ," ಎಂದು ಕಂಪ್ಯೂಟರಿನ ನೆತ್ತಿಗೆ ಮೆಲ್ಲಗೆ ಒಂದು ಏಟು ಹಾಕಿ, ಬಾಗಿಲಲ್ಲಿದ್ದವರನ್ನು "ನಡೀರಿ, ಹೊಲೀಲಿಕ್ಕ ಕುಂದ್ರಿ," ಎಂದು ಒಳಗಟ್ಟಿದರು. ಮಷೀನುಗಳು ಮತ್ತೆ ಸದ್ದು ಮಾಡಿದವು. ಮಳೆಗಾಲವಿಡೀ ಆ ಸದ್ದು ನಿಲ್ಲುವುದಿಲ್ಲ ಎಂದು ನೆನೆದು ಸಮಾಧಾನವಾಯಿತು.

ಬೀದಿಗಿಳಿದು ಅಮ್ಮನಿಗೆ ಫೋನು ಮಾಡಿದೆ. ಮಾತಾಡುವ ಮೊದಲು ಮನೆ ಎಂದು ಬಾಯಲ್ಲೇ ಒಮ್ಮೆ ಹೇಳಿ ನೋಡಿಕೊಂಡೆ.

"ಆಯ್ತೇನೆ ಕೆಲ್ಸ?"

"ಆಯ್ತಮ್ಮ. ಈಗ ಮನೆಗೆ ಹೊರಟೆ."

ಸರಿಯಾಗಿಯೇ ಹೇಳಿದ್ದೆ, ಆದರೆ ಪುಸ್ತಕ ನೋಡಿ ಓದಿದ ಹಾಗಿತ್ತು. ಅಮ್ಮನಿಗೆ ಅದು ಕೇಳಿಸಿತೋ ಏನೋ. "ಹುಷಾರಾಗಿ ಹೋಗು ಮಗ," ಎಂದಳು. ಯಾವಾಗ ಬರುತ್ತೀಯೆ ಎಂದು ದಿನಾ ಕೇಳುತ್ತಿದ್ದವಳು ಅಂದು ಕೇಳಲಿಲ್ಲ.