ನಾರ್ವೆಯ ಎರಡನೇ ದರ್ಜೆ, ಮಡತ್ತುಕುಳಂ ಮಾರ್ಗವಾಗಿ

ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ ಕೊಳ್ಳೇಗಾಲದಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಎಲ್ಲಿಗೆ ಪ್ರಯಾಣ ಎಂದು ಕೇಳಿದರು. ಮಡತ್ತುಕುಳಕ್ಕೆ, ಫುಟ್‌ಬಾಲ್ ನೋಡುವುದಕ್ಕೆ ಎಂದೆ. ಯಾರ ಆಟ ಎಂದರು. ನಾರ್ವೆಯವರದು ಎಂದೆ. ಅವರು ಮತ್ತೇನೂ ಕೇಳದೆ ಕಿಟಕಿಯ ಕಡೆ ತಿರುಗಿ ಕೂತರು. ಬೆಳಗ್ಗೆ ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದಾನೆ ಅಂದುಕೊಂಡಿರಬೇಕು.

ತಪ್ಪು ಅವರದಲ್ಲ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಮ್ಮದು ಮಗ್ಗದವರ ಮನೆತನ, ತಮಿಳುನಾಡಿನಲ್ಲಿ ನೆಲೆಸಿದವರೂ ಮನೆಯಲ್ಲಿ ತಮಿಳು ಬೆರೆತ ಕನ್ನಡವನ್ನೇ ಆಡುತ್ತಾರೆ. ನನ್ನ ತಾಯಿ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದರೆ, ಅವರ ಅಕ್ಕ ನೀಲಮ್ಮ ತಿರುಪ್ಪೂರು ಜಿಲ್ಲೆಯ ಮಡತ್ತುಕುಳಂನಲ್ಲೇ ಉಳಿದರು. ಆ ದೊಡ್ಡಮ್ಮನ ಮಗ ಶಿವು ಈಗ ಮಗ್ಗದ ಗುಂಡಿಗಳನ್ನು ಮುಚ್ಚಿಸಿ, ಸಿಮೆಂಟು ಹಾಕಿಸಿ, ಹೊಲಿಗೆ ಯಂತ್ರಗಳನ್ನು ಇಟ್ಟಿದ್ದಾನೆ. ತಿರುಪ್ಪೂರಿನಿಂದ ಕತ್ತರಿಸಿದ ಬಟ್ಟೆ ಬರುತ್ತದೆ. ಎಂಟು ಮನೆಯ ಹೆಂಗಸರು ಹೊಲಿದು ಕಳಿಸುತ್ತಾರೆ. ಕಳೆದ ವರ್ಷ ಒಬ್ಬ ಏಜೆಂಟರ ಮೂಲಕ ನಾರ್ವೆಯ ಯಾವುದೋ ಮೀನುಗಾರರ ಊರಿನ ಫುಟ್‌ಬಾಲ್ ತಂಡದ ಅಂಗಿಗಳ ಕೆಲಸ ಬಂತು. ಕ್ರಿಕೆಟ್ ಬಿಟ್ಟು ಬೇರೆ ಆಟ ಕಾಣದ ಶಿವು ಅವತ್ತೇ ನನಗೆ ಫೋನ್ ಮಾಡಿ, "ಅಣ್ಣಾ, ಆಫ್‌ಸೈಡ್ ಅಂದ್ರೆ ಏನು?" ಎಂದು ಕೇಳಿದ್ದ.

ಅಲ್ಲಿಂದ ನಮ್ಮಿಬ್ಬರ ಭಾನುವಾರಗಳು ಹಾಳಾದವು. ಅಂಗಿಯ ಎದೆಯ ಮೇಲೆ ಮೀನಿನ ಚಿತ್ರವಿತ್ತು, ಹಾಗಾಗಿ ಆ ಮನೆಯಲ್ಲಿ ಅದು ಮೀನು ಟೀಮ್. ಅದು ಆಡುವುದು ಎರಡನೇ ದರ್ಜೆಯಲ್ಲಿ. ಹದಿನಾರು ತಂಡಗಳು ವಸಂತದಿಂದ ನವೆಂಬರಿನವರೆಗೆ ಸೆಣಸುತ್ತವೆ. ಮೊದಲೆರಡು ತಂಡ ನೇರವಾಗಿ ಮೇಲಿನ ದರ್ಜೆಗೆ ಹೋಗುತ್ತವೆ. ಅವುಗಳ ಹಿಂದಿನ ನಾಲ್ಕು ತಮ್ಮಲ್ಲೇ ಹೊಡೆದಾಡಿ, ಗೆದ್ದುಳಿದ ಒಂದು ತಂಡ ಮೇಲಿನ ದರ್ಜೆಯಲ್ಲಿ ಮುಳುಗುತ್ತಿರುವ ಒಂದು ತಂಡದ ಜೊತೆ ಆಡಬೇಕು. ಮೊದಲ ಪಂದ್ಯದ ದಿನ ಮೈದಾನದ ಅಂಚಿನಲ್ಲಿ ಹಿಮವನ್ನು ಗುಡ್ಡೆ ಹಾಕಿದ್ದರು. ಜೂನ್‌ನಲ್ಲಿ ರಾತ್ರಿ ಊಟದ ಹೊತ್ತಿಗೂ ಅಲ್ಲಿ ಬಿಸಿಲು. ಬೇಸಿಗೆಯುದ್ದಕ್ಕೂ ಸೋತರು; ಶಿವು ನನಗೇ ಬೈದ, ನಾನೇ ತರಬೇತಿ ಕೊಟ್ಟವನ ಹಾಗೆ. ಆಮೇಲೆ ಅದೇನಾಯಿತೋ, ಗೆಲ್ಲುತ್ತಾ ಗೆಲ್ಲುತ್ತಾ ಆರನೆಯವರಾಗಿ ಮುಗಿಸಿದರು, ಆ ನಾಲ್ವರ ಹೊಡೆದಾಟವನ್ನೂ ಗೆದ್ದರು. ಈಗ ಉಳಿದಿದ್ದು ಒಂದೇ ಆಟ.

ಅಷ್ಟರಲ್ಲಿ ಏಜೆಂಟರು ಒಂದು ಮಾತು ಹೇಳಿದರು. ತಂಡ ಮೇಲಿನ ದರ್ಜೆಗೆ ಹೋದರೆ ಅಂಗಿ ಕೊಡುವುದು ಯಾವುದೋ ದೊಡ್ಡ ಕಂಪನಿ. ಕೆಳಗೇ ಉಳಿದರೆ ಮುಂದಿನ ವರ್ಷವೂ ಶಿವುಗೇ ಕೆಲಸ. ಬೇರೆ ಕೆಲಸ ಅವನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಗೆದ್ದರೆ ಶೆಡ್ಡಿಗೆ ಬೀಗ, ಸೋತರೆ ಎಂಟು ಮನೆಗೆ ಅನ್ನ. ವರ್ಷವಿಡೀ ಕೂಗಿ ಬೆಳೆಸಿದ ತಂಡ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ನೀ ಬಾ ಅಣ್ಣಾ, ಒಬ್ನೇ ನೋಡಕ್ಕಾಗಲ್ಲ" ಎಂದ. ಅದಕ್ಕೇ ಈ ಪ್ರಯಾಣ.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿದೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನೂ ಮಂಜಿನಲ್ಲೇ ಇಳಿದೆವು. ಮುಂದೆ ಕೂತ ಹೆಂಗಸು ಇಳಿದಷ್ಟು ಹೊತ್ತೂ ವಾಂತಿ ಮಾಡಿದಳು. ಸತ್ಯಮಂಗಲ ದಾಟಿದ ಮೇಲೆ ಮಳೆ ಹಿಡಿಯಿತು. ಕೊಯಮತ್ತೂರಿನ ಗಾಂಧಿಪುರಂನಲ್ಲಿ ಇಳಿದಾಗ ಮಧ್ಯಾಹ್ನ ಮೀರಿತ್ತು. ಒಂದು ಮೆಸ್ಸಿನಲ್ಲಿ ಊಟ ಮಾಡಿ, ಟೌನ್ ಬಸ್ಸಿನಲ್ಲಿ ಉಕ್ಕಡಂಗೆ ಹೋಗಿ ಪಳನಿ ಬಸ್ಸು ಹಿಡಿದೆ. ಎಂಬತ್ತು ಚಿಲ್ಲರೆ ಕಿಲೋಮೀಟರಿನ ಟಿಕೆಟ್ಟು ನಾನು ತಿಂದ ಊಟಕ್ಕಿಂತ ಅಗ್ಗವಾಗಿತ್ತು. ಬಸ್ಸಿನಲ್ಲಿ ಹಾಕಿದ್ದ ಹಾಡಿನ ಸದ್ದಿಗೆ ಮಾತ್ರ ತಲೆ ಸಿಡಿಯಿತು. ಪೊಳ್ಳಾಚಿ, ಉಡುಮಲೈ, ಆಮೇಲೆ ಗಾಳಿಯಂತ್ರಗಳು. ಅವತ್ತು ಗಾಳಿಯೂ ಇರಲಿಲ್ಲ, ಒಂದೂ ತಿರುಗುತ್ತಿರಲಿಲ್ಲ.

ದೊಡ್ಡಮ್ಮ ಜಗುಲಿಯಲ್ಲಿ ಕೂತು ಪಿಸಿರು ಕತ್ತರಿಸುತ್ತಿದ್ದರು. ಹೊಲಿಗೆಯ ಅಂಚಿನಲ್ಲಿ ನೇತಾಡುವ ನೂಲಿನ ತುಣುಕುಗಳನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅದನ್ನು ಕತ್ತರಿಸುವುದು ಮತ್ತು ಕಡೆಗೆ ಗಂಟು ಕಟ್ಟುವುದು ದೊಡ್ಡಮ್ಮನ ಕೆಲಸ.

"ಬಾ ಕಣ್ಣು, ಮೊದ್ಲು ತಲೆ ಒರಸ್ಕೋ. ಅಪ್ಪುರಂ ಕಾಪಿ" ಎಂದರು. ದನಿಯಲ್ಲಿ ಜೀವವಿರಲಿಲ್ಲ. ಶಿವುವಿನ ಹೆಂಡತಿ ಪೂಂಗೊಡಿ ಕಾಫಿ ಕೊಡುತ್ತಾ, "ಅತ್ತೆ ಎರಡ್ ವಾರ ಆಯ್ತು ಸರಿಯಾ ಸಾಪಾಡು ಉಂಡಿಲ್ಲ ಭಾವ" ಎಂದು ಪಿಸುಗುಟ್ಟಿದಳು.

ಸಂಜೆ ದೊಡ್ಡಮ್ಮನೇ ಕಾರಣ ಹೇಳಿದರು. ಮಗ್ಗದ ಕಾಲದಿಂದ ಆ ಮನೆಯಲ್ಲಿ ಒಂದು ರೂಢಿ ಇದೆ. ಸೀರೆಯನ್ನು ಮಗ್ಗದಿಂದ ಬಿಡಿಸುವಾಗ, ಈಗ ಅಂಗಿಗಳ ಗಂಟು ಹೊರಡುವಾಗ, ಮನೆಯ ಹಿರಿಯ ಹೆಂಗಸು ಅದರ ಮೇಲೆ ಕೈಯಿಟ್ಟು ಹರಸಬೇಕು. ಹರಸದೆ ಬಟ್ಟೆ ಹೊಸ್ತಿಲು ದಾಟುವಂತಿಲ್ಲ.

"ಉಟ್ಟೋರು ನಲ್ಲಾ ಇರ್ಲಿ, ಹೋದ ಕಡೆ ಗೆಲ್ಲಲಿ ಅಂತ ಹೇಳೋದು ಕಣ್ಣು. ನಮ್ಮತ್ತೆ ಹೇಳ್ತಿದ್ರು, ನಾನ್ ಹೇಳ್ತಿದ್ದೆ. ಈ ಕಡೇ ಆಟಕ್ಕೇಂತ ಹೊಲಿದ ಹೊಸ ಅಂಗಿ ಗಂಟು ಹೋಗೋವಾಗ ಇವ್ನು ಕೈ ಹಿಡ್ಕೊಂಡ. ಅಮ್ಮಾ, ಒಂದೇ ಒಂದ್ ತಡವೆ ಸುಮ್ನಿರು ಅಂದ. ಎಂಟು ಮನೆ ಅಡುಪ್ಪು ಆರಿಹೋಗೋದು ಕಣ್ ಮುಂದೆ ಬಂತು. ವಾಯಿ ತೆರೀಲಿಲ್ಲ, ಬಾಯಿಗೆ ಬಂದ ಮಾತು ನುಂಗ್ಕೊಂಡೆ."

"ದೊಡ್ಡಮ್ಮ, ನೀವು ಇಲ್ಲಿ ಹೇಳಿದ್ದು ನಾರ್ವೆಯಲ್ಲಿ ಯಾರಿಗೆ ಕೇಳುತ್ತೆ?" ಎಂದು ನಕ್ಕೆ.

"ಬಟ್ಟೆಗೆ ಕೇಳುತ್ತೆ" ಎಂದರು. ಅವರು ನಗಲಿಲ್ಲ. ನನಗೂ ನಗು ನಿಂತಿತು. ಶಿವು ಒಳಗಿನಿಂದ ಕೇಳಿಸಿಕೊಂಡು, ಕೇಳಿಸದವನ ಹಾಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ.

ಭಾನುವಾರ ಮುಗಿಯುವ ಹಾಗೇ ಕಾಣಲಿಲ್ಲ. ಬೆಳಗ್ಗೆ ಶಿವು ಜೊತೆ ಅಮರಾವತಿ ಕಾಲುವೆಯ ಏರಿಯ ಮೇಲೆ ನಡೆದೆ. ಕೆಂಪು ನೀರು ತುಂಬಿ ಹರಿಯುತ್ತಿತ್ತು. ಗದ್ದೆಯ ಪೈರು ಮಳೆಗೆ ಮಲಗಿತ್ತು. "ನಂಗೆ ಅವ್ರು ಗೆಲ್ಬೇಕು ಅಂತಾನೇ ಇದೆ ಅಣ್ಣಾ. ಆದ್ರೆ ಗೆದ್ರೆ ನಾಳೆ ಆ ಹೆಂಗಸ್ರ ಮೊಗ ಎಂಗೆ ನೋಡ್ಲಿ?" ಎಂದ. ನಾನಂತೂ ಅವರ ಸೋಲನ್ನೇ ಬಯಸಿ ಬಂದಿದ್ದೆ. ಮಕ್ಕಳಿಗೆ ಗೆಲ್ಲಲು ಕಲಿಸಿ ಸಂಬಳ ತಿನ್ನುವವನು ಹೀಗೆ ಬಯಸುತ್ತಿದ್ದೇನಲ್ಲ ಎಂದು ಮನಸ್ಸು ಕಹಿಯಾಯಿತು.

ದೀಪ ಹಚ್ಚಿದ ಮೇಲೆ ಆಟ ಶುರುವಾಯಿತು. ಫೋನನ್ನು ಟಿವಿಗೆ ಜೋಡಿಸಿದ್ದ. ಹೊಲಿಯುವ ಹೆಂಗಸರಲ್ಲಿ ಮೂವರು ಬಾಗಿಲಲ್ಲಿ ಬಂದು ನಿಂತರು. ಅಲ್ಲಿ ಹಿಮ ಬೀಳುತ್ತಿತ್ತು. ಚೆಂಡು ಕಾಣಲಿ ಎಂದು ಕಿತ್ತಳೆ ಬಣ್ಣದ್ದು ಇಟ್ಟಿದ್ದರು. ಅಷ್ಟು ದಿನ ಟಿವಿಯ ಹತ್ತಿರವೂ ಬಾರದ ದೊಡ್ಡಮ್ಮ ಅವತ್ತು ಮುಂದೆಯೇ ಕೂತರು.

"ಅಯ್ಯೋ, ಹತ್ತಿ ಪಂಜು ಉದುರಿದಂಗೆ ಉದುರ್ತದಲ್ಲೋ! ಈ ಚಳಿ ಕುಳಿರಲ್ಲಿ ಹುಡುಗ್ ಪಸಂಗ ಆಡ್ತಾವಾ? ಇಷ್ಟು ತೆಳ್ಳಗೆ ಹೊಲಿದು ಕಳಿಸಿದೀವಲ್ಲ, ಪಾವಂ" ಎಂದರು.

ಆಟ ಚೆನ್ನಾಗಿರಲಿಲ್ಲ. ಎರಡು ಕಡೆಯವರೂ ಹೆದರಿ ಆಡಿದರು. ಗೋಲಿಲ್ಲದೆ ಮುಗಿಯಿತು, ಹೆಚ್ಚುವರಿ ಸಮಯವೂ ಹಾಗೇ ಹೋಯಿತು. ಕಡೆಗೆ ಪೆನಾಲ್ಟಿ ಒದೆತ. ಒಬ್ಬೊಬ್ಬರಾಗಿ ಬಂದು ಒದೆಯಬೇಕು, ತಪ್ಪಿದವರ ತಂಡಕ್ಕೆ ಸೋಲು ಎಂದು ದೊಡ್ಡಮ್ಮನಿಗೆ ವಿವರಿಸಿದೆ. ನಾಲ್ಕು ನಾಲ್ಕು ಸಮವಾಗಿತ್ತು. ಎದುರಾಳಿಗಳು ಐದನೆಯದನ್ನೂ ಹೊಡೆದರು. ಮೀನು ಟೀಮಿನ ಕಡೆಯವನಾಗಿ ಹದಿನಾಲ್ಕನೇ ನಂಬರಿನವನು ಬಂದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ, ಕೆಂಪು ಕಿವಿಯ ಹುಡುಗ.

"ಹದಿನಾಲ್ಕು!" ಎಂದರು ದೊಡ್ಡಮ್ಮ. "ಅದ್ರ ಕಾಲರ್ ಸೊಟ್ಟಗಾಗಿತ್ತು, ನಾನೇ ಬಿಚ್ಚಿ ತಿರುಗಿ ಹೊಲಿದೆ. ಹೊಡಿ ಕಣ್ಣು, ಹೊಡಿ..."

ಮುಂದಿನ ಮಾತು ಅವರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಮಗನ ಮುಖ ನೋಡಿದರು. ಶಿವು ಕಣ್ಣು ಮುಚ್ಚಿಕೊಂಡಿದ್ದ. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

"ಪೊಳಚ್ಚೋಂ" ಎಂದಳು ಬಾಗಿಲಲ್ಲಿದ್ದವರಲ್ಲಿ ಒಬ್ಬಳು. ಬದುಕಿಕೊಂಡೆವು ಎಂದು. ಉಳಿದಿಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಶಿವು ಕೈಯೆತ್ತಿದವನು ಅರ್ಧಕ್ಕೇ ಇಳಿಸಿ ಮುಖ ಒರೆಸಿಕೊಂಡ. ಟಿವಿಯಲ್ಲಿ ಆ ಹುಡುಗ ಹಿಮದ ಮೇಲೆ ಮಂಡಿಯೂರಿ ಅಳುತ್ತಿದ್ದ. ಅಂಗಿಯ ಅಂಚನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. ಯಾರೋ ಬಂದು ಎಬ್ಬಿಸಿದರೂ ಏಳಲಿಲ್ಲ.

"ನಾವ್ ಹೊಲಿದಿದ್ರಲ್ಲೇ ಕಣ್ ಒರಸ್ತಾನೆ" ಎಂದರು ದೊಡ್ಡಮ್ಮ. ಹೆಂಗಸರ ಸಂಭ್ರಮ ಅಲ್ಲಿಗೇ ನಿಂತಿತು. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ರಾತ್ರಿ ದೊಡ್ಡಮ್ಮ ಊಟಕ್ಕೆ ಏಳಲಿಲ್ಲ.

ಸೋಮವಾರ ಬೆಳಗ್ಗೆ ಏಜೆಂಟರ ಫೋನ್ ಬಂತು. ಮುಂದಿನ ವರ್ಷದ ಅಂಗಿಯೂ ನಿಮ್ಮದೇ ಎಂದರಂತೆ. ಶಿವು ಪೇಟೆಗೆ ಹೋಗಿ ಸಿಹಿ ತಂದು ಎಲ್ಲರಿಗೂ ಹಂಚಿದ. ಯಂತ್ರಗಳ ಸದ್ದು ಶುರುವಾಯಿತು. ಮಕ್ಕಳ ಬನಿಯನ್ನುಗಳ ಒಂದು ಸಣ್ಣ ಗಂಟು ತಿರುಪ್ಪೂರಿಗೆ ಹೋಗಬೇಕಿತ್ತು. ದೊಡ್ಡಮ್ಮ ಪಿಸಿರು ಕತ್ತರಿಸುತ್ತಿದ್ದವರು ತಲೆಯೆತ್ತಲಿಲ್ಲ, ಪೂಂಗೊಡಿಯೇ ಕಟ್ಟಿದಳು. ಗಂಟನ್ನು ಹೊಸ್ತಿಲ ಬಳಿ ಇಟ್ಟು ಎಲ್ಲರೂ ಕಾದರು.

"ಅಮ್ಮಾ, ಹೇಳು. ಇದು ಕೊಳಂದೆಗಳ ಬಟ್ಟೆ" ಎಂದ ಶಿವು.

ಕತ್ತರಿ ಕಚಕಚ ಅನ್ನುತ್ತಲೇ ಇತ್ತು. ಅವನು ಇನ್ನೊಂದು ಸಲ ಕೇಳಿದ. ಆಟೋದವನು ಹಾರ್ನ್ ಮಾಡಿದ. ಕಡೆಗೆ ಅವನೇ ಗಂಟನ್ನು ಹೆಗಲಿಗೇರಿಸಿ ಹೊರಗೆ ಒಯ್ದ.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಹೊರಡುವ ಮುಂಚೆ ದೊಡ್ಡಮ್ಮನ ಕಾಲಿಗೆ ಬಗ್ಗಿದೆ. ಹುಡುಗನಾಗಿದ್ದಾಗಿನಿಂದ ಆ ಮನೆಯಿಂದ ಹೊರಡುವಾಗಲೆಲ್ಲ ಅವರ ಕೈ ತಲೆಯ ಮೇಲೆ ಬೀಳುತ್ತಿತ್ತು. ಪರೀಕ್ಷೆಗೆ, ಕೆಲಸಕ್ಕೆ, ಮದುವೆಗೆ. ದೊಡ್ಡಮ್ಮ ಕಾಲುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡರು. ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು.

"ಬೇಡ ಕಣ್ಣು. ನಂದು ಕೆಟ್ಟ ವಾಯಿ ಆಗೋಯ್ತು, ಇದ್ರಲ್ಲಿ ಇನ್ನು ಹರಸಬಾರ್ದು. ನೀ ದೂರ ಹೋಗೋನು" ಎಂದರು.

ಬಗ್ಗಿದವನು ಹಾಗೆಯೇ ಒಂದು ಗಳಿಗೆ ಇದ್ದೆ. ತಲೆಯ ಮೇಲೆ ಕೈ ಬೀಳಲಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, ಮಳೆಯಲ್ಲಿ ಬಸ್ ನಿಲ್ದಾಣದ ಕಡೆ ನಡೆದೆ.